ಕಾವ್ಯಕ್ಕೂ ಯೋಜನೆಗೂ ನಡುವೆ ಕಳೆದುಹೋದ ದುಡಿಮೆ

ನಮ್ಮ ಪದವಿ ಕಾಲೇಜುಗಳ ಮಹಿಳಾ ಅಧ್ಯಯನದ ಮೊದಲ ಪತ್ರಿಕೆಯಲ್ಲಿ ಏನೇನಿದೆ ಎಂಬುದನ್ನು ಪುಸ್ತಕ ತೆರೆಯದೆಯೇ ಹೇಳಿಬಿಡಬಹುದು. ಮೊದಲ ಘಟಕದಲ್ಲಿ ಪಿತೃಪ್ರಧಾನ ವ್ಯವಸ್ಥೆಯ ವ್ಯಾಖ್ಯೆ. ಆಮೇಲೆ ಉದಾರವಾದಿ, ಮಾರ್ಕ್ಸ್‌ವಾದಿ, ತೀವ್ರಗಾಮಿ ಎಂದು ಸ್ತ್ರೀವಾದದ ಬಗೆಗಳು. ಅಲ್ಲಿಂದ ಅಕ್ಕಮಹಾದೇವಿಯಿಂದ ಸಾವಿತ್ರಿಬಾಯಿ ಫುಲೆಯವರೆಗೆ ಸಾಧಕಿಯರ ಸಾಲು. ಕೊನೆಗೆ ಕಾಯ್ದೆಗಳು ಮತ್ತು ಸರ್ಕಾರಿ ಯೋಜನೆಗಳ ಪಟ್ಟಿ. ವಿಶ್ವವಿದ್ಯಾಲಯ ಬದಲಾದರೂ, ಶಿಕ್ಷಣ ನೀತಿಯ ಹೆಸರು ಬದಲಾದರೂ ಈ ಚೌಕಟ್ಟು ಹೆಚ್ಚು ಕದಲಿಲ್ಲ. ಪರೀಕ್ಷೆಯಲ್ಲಿ ‘ಮಹಿಳಾ ಸಬಲೀಕರಣದ ಕುರಿತು ಟಿಪ್ಪಣಿ ಬರೆಯಿರಿ’ ಎಂದರೆ ಹುಡುಗಿಯರು ನಾಲ್ಕು ಪುಟ ತುಂಬಿಸುತ್ತಾರೆ. ಆ ನಾಲ್ಕು ಪುಟದಲ್ಲಿ ಅವರ ತಾಯಂದಿರ ಬದುಕಿನ ಒಂದು ಸಾಲೂ ಇರುವುದಿಲ್ಲ.

ಈ ಪಾಠದ ಪರಂಪರೆಯನ್ನು ಒರೆಗೆ ಹಚ್ಚುವುದಕ್ಕೆ ಕಾಮಸಮುದ್ರದ ಕಡೆಯ ಸೀಮೆ ಹೇಳಿ ಮಾಡಿಸಿದಂತಿದೆ. ಬಂಗಾರಪೇಟೆ ತಾಲ್ಲೂಕಿನ ಈ ಹೋಬಳಿ ಆಂಧ್ರ, ತಮಿಳುನಾಡುಗಳ ಅಂಚಿನಲ್ಲಿದೆ. ಬಹಳಷ್ಟು ಮನೆಗಳಲ್ಲಿ ತೆಲುಗು, ಸಂತೆಯಲ್ಲಿ ತಮಿಳೂ ಉಂಟು, ಶಾಲೆಯಲ್ಲಿ ಕನ್ನಡ. ಚೆನ್ನೈ ಕಡೆಗೆ ಹೋಗುವ ರೈಲಿಗೆ ಬಂಗಾರಪೇಟೆ ದಾಟಿದ ಮೇಲೆ ಸಿಗುವ ನಿಲ್ದಾಣ ಇದು. ಮಗ್ಗುಲಲ್ಲೇ ಚಿನ್ನದ ಗಣಿಗಳ ಕೆಜಿಎಫ್. ರಾಗಿ ಹೊಲ, ಹಸು, ರೇಷ್ಮೆ, ಮುಚ್ಚಿದ ಗಣಿ, ಸ್ತ್ರೀಶಕ್ತಿ ಸಂಘ, ಬೆಂಗಳೂರಿಗೆ ಹೋಗಿಬರುವ ದಿನಗೂಲಿ ಎಲ್ಲವೂ ಒಂದೇ ಮನೆಯೊಳಗೆ ಕೂಡಿಕೊಂಡಿರಬಹುದಾದ ನಾಡು. ಮಹಿಳಾ ಅಧ್ಯಯನದ ಪಠ್ಯ ಇಲ್ಲಿ ಎಲ್ಲೆಲ್ಲಿ ಬಾಯಿ ಬಿಡುತ್ತದೆ, ಎಲ್ಲೆಲ್ಲಿ ಮೌನವಾಗುತ್ತದೆ ಎಂದು ನೋಡಿದರೆ ಅದರ ಗುಣದೋಷ ಎರಡೂ ತಿಳಿಯುತ್ತವೆ.

ಕನ್ನಡದಲ್ಲಿ ಈ ಶಿಸ್ತು ಎರಡು ಮನೆಗಳಲ್ಲಿ ಬೆಳೆಯಿತು. ಒಂದು ಸಾಹಿತ್ಯ, ಇನ್ನೊಂದು ಸರ್ಕಾರ. ಸಾಹಿತ್ಯದ ಮನೆಯ ಸಾಧನೆ ಸಣ್ಣದಲ್ಲ. 1913ರಲ್ಲಿ ನಂಜನಗೂಡಿನ ತಿರುಮಲಾಂಬಾ ‘ಸತೀ ಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿದಾಗ ಲೇಖಕಿ, ಪ್ರಕಾಶಕಿ ಎರಡೂ ಅವರೇ ಆಗಬೇಕಿತ್ತು. ಅಂಥವರ ಹೆಸರು ಸಾಹಿತ್ಯ ಚರಿತ್ರೆಯ ಅಡಿಟಿಪ್ಪಣಿಯಲ್ಲೂ ಉಳಿಯದಿದ್ದ ಕಾಲದಲ್ಲಿ ಅವರನ್ನು ಹುಡುಕಿ ತಂದವರು ಎಪ್ಪತ್ತು, ಎಂಬತ್ತರ ದಶಕದ ಸ್ತ್ರೀವಾದಿ ವಿಮರ್ಶಕಿಯರು. ಮೈಸೂರಿನಲ್ಲಿ ವಿಜಯಾ ದಬ್ಬೆ ಮತ್ತು ಸಮತಾ ವೇದಿಕೆಯ ಗೆಳತಿಯರು, 1979ರಲ್ಲಿ ಹುಟ್ಟಿದ ಕರ್ನಾಟಕ ಲೇಖಕಿಯರ ಸಂಘ, ಆಮೇಲೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮಹಿಳಾ ಅಧ್ಯಯನ ವಿಭಾಗ, 2003ರಲ್ಲಿ ವಿಜಯಪುರದಲ್ಲಿ ಶುರುವಾದ ಮಹಿಳಾ ವಿಶ್ವವಿದ್ಯಾಲಯ. ಕಾವ್ಯ, ಕಾದಂಬರಿ, ವಚನಗಳನ್ನು ಹೆಣ್ಣಿನ ಕಣ್ಣಿನಿಂದ ಓದುವುದನ್ನು ಕನ್ನಡಕ್ಕೆ ಕಲಿಸಿದವರು ಇವರೆಲ್ಲ. ಈ ಓದು ಇಲ್ಲದಿದ್ದರೆ ‘ಫಣಿಯಮ್ಮ’ ಕಾದಂಬರಿ ನಮಗೆ ಕರುಣೆಯ ಕತೆಯಾಗಿಯೇ ಉಳಿಯುತ್ತಿತ್ತು. ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಅವರ ಬರವಣಿಗೆಗೆ ತಕ್ಕ ಓದುಗರೂ ಇಷ್ಟು ಬೇಗ ಸಿಗುತ್ತಿರಲಿಲ್ಲ.

ಆದರೆ ಕನ್ನಡ ಎಂ.ಎ. ವಿಭಾಗಗಳ ನೆರಳಿನಲ್ಲಿ ಬೆಳೆದ ಶಿಸ್ತಿಗೆ ಅಲ್ಲಿನ ರೂಢಿಗಳೂ ಅಂಟಿದವು. ಕವಿತೆಯ ಒಳದನಿಯನ್ನು ಹಿಡಿಯುವ ಕಿವಿ ಅದಕ್ಕೆ ಚೆನ್ನಾಗಿ ಬಂತು; ಪಹಣಿ, ಹಾಜರಿ ಪುಸ್ತಕ, ಸಂಬಳದ ಚೀಟಿ ಓದುವ ಕಣ್ಣು ಬರಲಿಲ್ಲ. ಹೆಣ್ಣಿನ ನೋವು, ಹೆಣ್ಣಿನ ದನಿ, ಹೆಣ್ಣಿನ ಅಸ್ಮಿತೆ ಎಂಬ ಮಾತುಗಳು ಪಾಠದ ತುಂಬ ಹಬ್ಬಿದವು. ಕೂಲಿ ಎಷ್ಟು, ಕೊಟ್ಟವರು ಯಾರು, ಆ ದುಡ್ಡು ಯಾರ ಕೈ ಸೇರಿತು ಎಂಬ ಪ್ರಶ್ನೆಗಳನ್ನು ಅರ್ಥಶಾಸ್ತ್ರ ವಿಭಾಗದ ಪಾಲಿಗೆ ಬಿಟ್ಟುಕೊಟ್ಟೆವು. ಅವರೂ ಕೇಳಲಿಲ್ಲ.

ಸೋಜಿಗವೆಂದರೆ ಆ ಪ್ರಶ್ನೆಗಳು ಸಾಹಿತ್ಯದೊಳಗೇ ಇದ್ದವು. ಆಯ್ದಕ್ಕಿ ಲಕ್ಕಮ್ಮ, ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ ತಮ್ಮ ಕಸುಬನ್ನು ಹೆಸರಿನಲ್ಲೇ ಹೊತ್ತ ವಚನಕಾರ್ತಿಯರು. ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳುತ್ತಾಳೆ. ದುಡಿಮೆಗೂ ಗಳಿಕೆಗೂ ಇರಬೇಕಾದ ಅಳತೆಯನ್ನು ಹೆಂಡತಿ ಗಂಡನಿಗೆ ಕಲಿಸುವ ಸಂದರ್ಭ ಅದು. ‘ಹದಿಬದೆಯ ಧರ್ಮ’ ಬರೆದ ಸಂಚಿ ಹೊನ್ನಮ್ಮ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಕೆಲಸದ ಹೆಣ್ಣು. ತರಗತಿಯಲ್ಲಿ ಮೊದಲನೆಯದು ಭಕ್ತಿಯ ಪಾಠವಾಗುತ್ತದೆ, ಎರಡನೆಯದು ಪಾತಿವ್ರತ್ಯದ ಚರ್ಚೆಯಾಗುತ್ತದೆ. ದುಡಿದವಳು ಬರೆದಳು ಎಂಬ ಮೂಲ ಸಂಗತಿ ಪಕ್ಕಕ್ಕೆ ಸರಿಯುತ್ತದೆ.

ಇನ್ನೊಂದು ಮನೆ ಸರ್ಕಾರದ್ದು. ಇಲ್ಲಿ ಇತಿಹಾಸ ಇನ್ನೂ ವಿಚಿತ್ರ. ಭಾರತದಲ್ಲಿ ಮಹಿಳಾ ಅಧ್ಯಯನಕ್ಕೆ ಬೀಜ ಬಿದ್ದಿದ್ದೇ ದುಡಿಮೆಯ ಲೆಕ್ಕದಿಂದ. 1971ರಲ್ಲಿ ಕೇಂದ್ರ ಸರ್ಕಾರ ಮಹಿಳೆಯರ ಸ್ಥಿತಿಗತಿ ಅರಿಯಲು ಸಮಿತಿ ನೇಮಿಸಿತು. ಫುಲ್‌ರೇಣು ಗುಹಾ ಅಧ್ಯಕ್ಷೆ, ವೀಣಾ ಮಜುಂದಾರ್ ಸದಸ್ಯ ಕಾರ್ಯದರ್ಶಿ. 1974ರ ಕೊನೆಗೆ ಸಿದ್ಧವಾದ ‘ಸಮಾನತೆಯೆಡೆಗೆ’ ವರದಿ ಸ್ವತಂತ್ರ ಭಾರತಕ್ಕೆ ಕನ್ನಡಿ ಹಿಡಿಯಿತು. 1901ರಲ್ಲಿ ಸಾವಿರ ಗಂಡಸರಿಗೆ 972 ಇದ್ದ ಹೆಂಗಸರು 1971ರ ಹೊತ್ತಿಗೆ 930ಕ್ಕೆ ಇಳಿದಿದ್ದರು. ದುಡಿಯುವವರ ಪೈಕಿ ಅವರ ಪಾಲೂ ಕುಸಿದಿತ್ತು. ಅಭಿವೃದ್ಧಿ ಎಂದು ಕರೆದದ್ದೇ ಹೆಂಗಸರನ್ನು ಹಿಂದಕ್ಕೆ ತಳ್ಳಿತ್ತು. ಅದೇ ಹೊತ್ತಿಗೆ ಮುಂಬೈಯ ಎಸ್‌ಎನ್‌ಡಿಟಿ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಕೇಂದ್ರ, 1981ರಲ್ಲಿ ಮೊದಲ ರಾಷ್ಟ್ರೀಯ ಸಮ್ಮೇಳನ, 1982ರಲ್ಲಿ ಭಾರತೀಯ ಮಹಿಳಾ ಅಧ್ಯಯನ ಸಂಘ. 1986ರ ಶಿಕ್ಷಣ ನೀತಿ ಈ ಶಿಸ್ತನ್ನು ಒಪ್ಪಿಕೊಂಡಿತು, ಯುಜಿಸಿ ಕೇಂದ್ರಗಳಿಗೆ ಹಣ ಕೊಟ್ಟಿತು.

ಹಣ ಬಂತು, ಜೊತೆಗೆ ಹಣ ಕೊಟ್ಟವರ ಭಾಷೆಯೂ ಬಂತು. ಸರ್ಕಾರಕ್ಕೆ ಪ್ರಶ್ನೆ ಹಾಕಲು ಹುಟ್ಟಿದ ಶಿಸ್ತು ಪದವಿ ತರಗತಿಗೆ ಇಳಿಯುವಷ್ಟರಲ್ಲಿ ಸರ್ಕಾರದ ಕಾರ್ಯಕ್ರಮಗಳನ್ನು ಪರಿಚಯಿಸುವ ಪಾಠವಾಯಿತು. ಯೋಜನೆಯ ಹೆಸರು, ಜಾರಿಯಾದ ವರ್ಷ, ಉದ್ದೇಶ, ಫಲಾನುಭವಿಗಳು. ಹೆಣ್ಣು ಕವಿತೆಯಲ್ಲಿ ನೊಂದವಳು, ಯೋಜನೆಯಲ್ಲಿ ಪಡೆಯುವವಳು. ಎರಡರ ನಡುವೆ ದುಡಿಯುವವಳು ಕಾಣೆಯಾದಳು.

ಕಾಮಸಮುದ್ರದ ಸುತ್ತ ಆಕೆಯನ್ನು ಹುಡುಕುವುದು ಕಷ್ಟವಲ್ಲ. ಗಣಿಯಿಂದಲೇ ಶುರುಮಾಡಬಹುದು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅವುಗಳಲ್ಲೊಂದಾದ ಚಾಂಪಿಯನ್ ರೀಫ್ಸ್ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಆ ಆಳದ ಕತೆಯಲ್ಲಿ ಇರುವವರೆಲ್ಲ ಗಂಡಸರು. 1952ರ ಗಣಿ ಕಾಯ್ದೆಯ 46ನೇ ಕಲಂ ಹೆಂಗಸರನ್ನು ನೆಲದಡಿಯ ಕೆಲಸದಿಂದ ಹೊರಗಿಟ್ಟಿತು; ನೆಲದ ಮೇಲಿನ ಕೆಲಸಕ್ಕೂ ಬೆಳಗಿನ 6ರಿಂದ ಸಂಜೆ 7ರ ಗಡಿ ಹಾಕಿತು. ಆದರೆ ಗಣಿ ನಡೆದದ್ದು ಲೈನ್ ಮನೆಗಳಲ್ಲಿ ಪಾಳಿಗೆ ಸರಿಯಾಗಿ ಅನ್ನ ಬೇಯಿಸಿದ, ನೀರಿಗೆ ಸಾಲುನಿಂತ, ಕಲ್ಲುಧೂಳಿನಿಂದ ಎದೆ ಕಟ್ಟಿ ಕೆಮ್ಮುವ ಗಂಡಂದಿರ ಆರೈಕೆ ಮಾಡಿದ ಹೆಂಗಸರ ಸಂಬಳವಿಲ್ಲದ ಕೆಲಸದಿಂದಲೂ ಹೌದು. ಇವರಲ್ಲಿ ಬಹುಪಾಲು ತಮಿಳುನಾಡಿನ ಉತ್ತರ ಆರ್ಕಾಟ್ ಕಡೆಯಿಂದ ಬಂದ ದಲಿತ ಕುಟುಂಬಗಳವರು. ಕೆಜಿಎಫ್ ಮತ್ತು ಬೆಂಗಳೂರಿನ ಕಾರ್ಮಿಕರ ಬಗ್ಗೆ ಜಾನಕಿ ನಾಯರ್ ಬರೆದ ಚರಿತ್ರೆ 1998ರಲ್ಲೇ ಬಂತು. ಅದರ ಒಂದು ಅಧ್ಯಾಯವಾದರೂ ಇಲ್ಲಿನ ಪದವಿ ತರಗತಿಯ ಮೊದಲ ಓದಾಗಬೇಕಿತ್ತು.

46ನೇ ಕಲಮನ್ನೇ ಒಂದು ವಾರ ಪಾಠ ಮಾಡಬಹುದು. ಅದರ ಜೊತೆಗೆ ಇದೇ ಗಡಿಯಾರವನ್ನು ಕಾರ್ಖಾನೆಗೂ ಹಾಕಿದ 1948ರ ಕಾರ್ಖಾನೆ ಕಾಯ್ದೆಯ 66ನೇ ಕಲಂ ಇಡಿ. ಆಮೇಲೆ ಷರತ್ತುಗಳೊಂದಿಗೆ ಹೆಂಗಸರಿಗೆ ಗಣಿಯ ಬಾಗಿಲು ತೆರೆದ 2019ರ ಕೇಂದ್ರದ ಅಧಿಸೂಚನೆ, ಕಾರ್ಖಾನೆಗಳಲ್ಲಿ ರಾತ್ರಿ ಪಾಳಿಗೂ 12 ಗಂಟೆಗಳ ದಿನಕ್ಕೂ ದಾರಿ ಮಾಡಿಕೊಟ್ಟ 2023ರ ಕರ್ನಾಟಕದ ತಿದ್ದುಪಡಿ. ನಿಷೇಧ ರಕ್ಷಣೆಯಾಗಿತ್ತೇ, ಹೊರದಬ್ಬುವಿಕೆಯಾಗಿತ್ತೇ? ಈಗ ಸಿಕ್ಕಿದ್ದು ಸಮಾನತೆಯೇ, ಅಗ್ಗದ ಕೈಗಳ ಹುಡುಕಾಟವೇ? ಉದಾರವಾದಿ ಮತ್ತು ಮಾರ್ಕ್ಸ್‌ವಾದಿ ಸ್ತ್ರೀವಾದಗಳ ಜಗಳವನ್ನು ಉರುಹೊಡೆಯಬೇಕಾಗಿಲ್ಲ. ಅಕ್ಕ ನರಸಾಪುರದ ಮೊಬೈಲ್ ಕಾರ್ಖಾನೆಗೆ ಕಂಪನಿ ಬಸ್ಸು ಹತ್ತುವ ಮನೆಯಲ್ಲಿ ಆ ಜಗಳ ದಿನವೂ ನಡೆಯುತ್ತದೆ. ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ನಸುಕಿನ ರೈಲು ಹಿಡಿಯುವ ಜನರ ಮನೆಗಳಲ್ಲೂ ನಡೆಯುತ್ತದೆ. 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯ ನಿಯಮದ ವಿರುದ್ಧ ಬೆಂಗಳೂರಿನ ರಸ್ತೆಗಿಳಿದು ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಹಿಂದೆ ಸರಿಯುವಂತೆ ಮಾಡಿದ ಗಾರ್ಮೆಂಟ್ಸ್ ಹೆಂಗಸರು ನಮ್ಮ ‘ಮಹಿಳಾ ಚಳವಳಿ’ ಘಟಕದಲ್ಲಿ ಎಲ್ಲಿದ್ದಾರೆ?

ಸಾಲದ ಚರಿತ್ರೆ ಇನ್ನೂ ಹತ್ತಿರದ್ದು. ಪಠ್ಯದಲ್ಲಿ ಸ್ವಸಹಾಯ ಸಂಘ ಎಂದರೆ 2000ದ ಆಸುಪಾಸಿನ ಸ್ತ್ರೀಶಕ್ತಿ ಯೋಜನೆ. ಆದರೆ ಎಂಬತ್ತರ ದಶಕದಲ್ಲೇ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕಾಮಸಮುದ್ರದಲ್ಲಿ ಯೋಜನಾ ಕಚೇರಿ ಇಟ್ಟುಕೊಂಡು ಇಂಥ ಗುಂಪುಗಳನ್ನು ಕಟ್ಟಿತ್ತು. 1991ರ ಕೊನೆ, 1992ರ ಆರಂಭದಲ್ಲಿ ವೈಶ್ಯ ಬ್ಯಾಂಕಿನ ಬಂಗಾರಪೇಟೆ ಶಾಖೆ ಮತ್ತು ಕಾರ್ಪೊರೇಷನ್ ಬ್ಯಾಂಕಿನ ಆಂಡರ್ಸನ್‌ಪೇಟೆ ಶಾಖೆಗಳು ಈ ಭಾಗದ ಮಹಿಳಾ ಸಂಘಗಳಿಗೆ ಸಂಘದ ಹೆಸರಿನಲ್ಲೇ ಸಾಲ ಕೊಟ್ಟವು. ದೇಶದಲ್ಲಿ ಇಂಥ ಸಾಲದ ಮೊದಮೊದಲ ಪ್ರಕರಣಗಳಿವು. 1992ರಲ್ಲೇ ನಬಾರ್ಡ್ 500 ಸಂಘಗಳೊಂದಿಗೆ ಪ್ರಾಯೋಗಿಕ ಜೋಡಣೆ ಆರಂಭಿಸಿತು. ಮುಂದೆ ಇಡೀ ದೇಶಕ್ಕೆ ಮಾದರಿಯಾದ ಪದ್ಧತಿಯ ತೊಟ್ಟಿಲುಗಳಲ್ಲಿ ಒಂದು ಈ ಹೋಬಳಿ. ಇಲ್ಲಿನ ಕಾಲೇಜಿನ ಹುಡುಗಿಗೆ ಇದನ್ನು ಯಾರೂ ಹೇಳುವುದಿಲ್ಲ.

ಹೇಳುವುದಾದರೆ ಪೂರ್ತಿ ಹೇಳಬೇಕು. ಒತ್ತೆಯಿಲ್ಲದೆ ಸಾಲ ಕೊಡದ ಬ್ಯಾಂಕಿನ ಮುಂದೆ ಹದಿನೈದು ಇಪ್ಪತ್ತು ಹೆಂಗಸರ ಪರಸ್ಪರ ನಂಬಿಕೆ ಒತ್ತೆಯಾಯಿತು. ಆ ನಂಬಿಕೆಯನ್ನೇ ಆಮೇಲೆ ಲಾಭದ ಕಂಪನಿಗಳು ವಸೂಲಿಯ ಹಗ್ಗ ಮಾಡಿಕೊಂಡವು. 2009ರಲ್ಲಿ ಕೋಲಾರ ಪಟ್ಟಣದಲ್ಲಿ ರೇಷ್ಮೆ ಕೆಲಸದ ಕುಟುಂಬಗಳು ಸಾಲದ ಸುಳಿಗೆ ಸಿಕ್ಕಾಗ ಅಲ್ಲಿನ ಮುಸ್ಲಿಂ ಸಮುದಾಯದ ಅಂಜುಮನ್ ಸಮಿತಿ ಮೈಕ್ರೋಫೈನಾನ್ಸ್ ಕಂತು ಕಟ್ಟಬೇಡಿ ಎಂದು ಹೇಳುವವರೆಗೂ ಹೋಯಿತು. ಸಾಲ ಹೊತ್ತವರು ಹೆಂಗಸರು, ತೀರ್ಮಾನ ಹೇಳಿದ್ದು ಗಂಡಸರ ಸಮಿತಿ. 2025ರ ಫೆಬ್ರವರಿಯಲ್ಲಿ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಸಬಲೀಕರಣದ ಟಿಪ್ಪಣಿಯಲ್ಲಿ ಈ ಮುಖ ಕಾಣುವುದಿಲ್ಲ.

ಮನೆಯೊಳಗಿನ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೂ ಸಾಕು. 2013ರ ಆಹಾರ ಭದ್ರತಾ ಕಾಯ್ದೆಯಂತೆ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸೇ ಮುಖ್ಯಸ್ಥೆ. ಅದರ ಆಧಾರದ ಮೇಲೆಯೇ 2023ರ ಆಗಸ್ಟ್‌ನಿಂದ ರಾಜ್ಯದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2000 ರೂಪಾಯಿ ಬರುತ್ತದೆ. ಆ ಹಣ ಅತ್ತೆಗೋ ಸೊಸೆಗೋ ಎಂಬ ಜಟಾಪಟಿ ಊರೂರಿನಲ್ಲಿ ಎದ್ದಿತು. ಪಹಣಿ ತೆಗೆದರೆ ಅಲ್ಲಿ ಹೆಚ್ಚಾಗಿ ಗಂಡಸಿನ ಹೆಸರು. ಹೆಣ್ಣುಮಕ್ಕಳ ಪಾಲಿನ ಬಗ್ಗೆ ಮೈಸೂರು ಸಂಸ್ಥಾನ 1933ರಲ್ಲೇ ಕಾನೂನು ಮಾಡಿತ್ತು, ಕರ್ನಾಟಕ 1994ರಲ್ಲಿ, ಕೇಂದ್ರ 2005ರಲ್ಲಿ. ಆದರೂ ಅಣ್ಣತಮ್ಮಂದಿರಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟು, ತವರಿನ ಬಾಗಿಲು ಮುಚ್ಚದಿರಲಿ ಎಂದು ಸುಮ್ಮನಾಗುವ ಅಕ್ಕತಂಗಿಯರು ಕಡಿಮೆಯಿಲ್ಲ. ಅಕ್ಕಿ ಅವಳ ಹೆಸರಿನಲ್ಲಿ, ಅಕ್ಕಿ ಬೆಳೆಯುವ ನೆಲ ಅವನ ಹೆಸರಿನಲ್ಲಿ. ಪಿತೃಪ್ರಧಾನ ವ್ಯವಸ್ಥೆಯ ವ್ಯಾಖ್ಯೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಯಾವ ಪಠ್ಯಪುಸ್ತಕ ಕೊಟ್ಟೀತು?

ಜಾತಿಯ ವಿಷಯದಲ್ಲಿ ಈ ಪರಂಪರೆಯ ಹಿಂಜರಿಕೆ ಇನ್ನೂ ದುಬಾರಿ. 2023ರ ಜೂನ್‌ನಲ್ಲಿ ಕಾಮಸಮುದ್ರ ಪೊಲೀಸ್ ಠಾಣೆ ವ್ಯಾಪ್ತಿಯ ಹಳ್ಳಿಯೊಂದರಲ್ಲಿ ದಲಿತ ಯುವಕನನ್ನು ಪ್ರೀತಿಸಿದ ಮಗಳನ್ನು ಕೊಂದ ಆರೋಪದಲ್ಲಿ ತಂದೆಯ ಬಂಧನವಾಯಿತು. ಸುದ್ದಿ ತಿಳಿದ ಯುವಕ ರೈಲಿಗೆ ತಲೆಕೊಟ್ಟ. ಇದನ್ನು ‘ಮಹಿಳೆಯರ ಮೇಲಿನ ದೌರ್ಜನ್ಯ’ದ ಪಟ್ಟಿಗೆ ಸೇರಿಸಿ ಮುಂದೆ ಹೋಗಬಹುದು; ಹಾಗೆ ಮಾಡಿದರೆ ಏನೂ ಅರ್ಥವಾಗುವುದಿಲ್ಲ. 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ ಪ್ರಬಂಧದಲ್ಲೇ ಅಂಬೇಡ್ಕರ್, ಜಾತಿ ನಿಂತಿರುವುದು ಒಳಮದುವೆಯ ಮೇಲೆ ಎಂದು ತೋರಿಸಿದ್ದರು. ಒಳಮದುವೆ ಉಳಿಯಬೇಕಾದರೆ ಹೆಣ್ಣಿನ ಮೇಲೆ ಕಾವಲು ಬೇಕು. ಸ್ತ್ರೀವಾದಿ ವಿದ್ವಾಂಸರಾದ ಉಮಾ ಚಕ್ರವರ್ತಿ 1993ರಲ್ಲಿ, ಶರ್ಮಿಳಾ ರೇಗೆ 1998ರಲ್ಲಿ ಈ ಚರ್ಚೆಯನ್ನು ಬೆಳೆಸಿದರು. ದಲಿತ ಚಳವಳಿಯ ನೆಲವಾದ ಕೋಲಾರ ಜಿಲ್ಲೆಯಲ್ಲಿ ಅಂಬೇಡ್ಕರ್ ಅವರ ಆ ಪ್ರಬಂಧ ರಾಜ್ಯಶಾಸ್ತ್ರದ ಪಾಠವಾಗಿ, ‘ದಿ ಸೆಕೆಂಡ್ ಸೆಕ್ಸ್’ ಮಹಿಳಾ ಅಧ್ಯಯನದ ಪಾಠವಾಗಿ ಬೇರೆ ಬೇರೆ ಕೋಣೆಯಲ್ಲಿ ಕುಳಿತಿರುವುದು ಶಿಸ್ತಿನ ದೊಡ್ಡ ಸೋಲು. ಅದನ್ನು ಬರೆದ ಸಿಮೋನ್ ದ ಬೊವಾರನ್ನು ಓದಬಾರದೆಂದಲ್ಲ. ಆಕೆ ಈ ಕೊಲೆಯನ್ನು ಒಬ್ಬಳೇ ವಿವರಿಸಲಾರಳು.

ಈಚೆಗೆ ಶೀರ್ಷಿಕೆಗೆ ‘ಲಿಂಗತ್ವ’ ಸೇರಿಕೊಂಡಿದೆ. ಒಳ್ಳೆಯದು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕು ಒಪ್ಪಿದ 2014ರ ಸುಪ್ರೀಂ ಕೋರ್ಟ್ ತೀರ್ಪು, ಸರ್ಕಾರಿ ನೇಮಕಾತಿಯಲ್ಲಿ ಅವರಿಗೆ ಕರ್ನಾಟಕ 2021ರಲ್ಲಿ ಕೊಟ್ಟ ಶೇ 1ರ ಮೀಸಲಾತಿ, ದು. ಸರಸ್ವತಿಯವರ ಕನ್ನಡದಲ್ಲಿ ಬಂದ ಎ. ರೇವತಿಯವರ ಆತ್ಮಕಥೆ ‘ಬದುಕು ಬಯಲು’ ಪಾಠಕ್ಕೆ ಬಂದರೆ ತರಗತಿಯ ಗಾಳಿಯೇ ಬದಲಾದೀತು. ಗಂಡಸುತನವೂ ಚರ್ಚೆಗೆ ಬರಬೇಕು. ಗಣಿ ಮುಚ್ಚಿದ ದಿನ ಕೆಲಸದ ಜೊತೆಗೆ ಮನೆಯಲ್ಲಿನ ಸ್ಥಾನವನ್ನೂ ಕಳೆದುಕೊಂಡ ಗಂಡಸರ ಕುರಿತು ಕೆಜಿಎಫ್‌ನ ಹುಡುಗರಿಗೆ ಹೇಳಲು ಬೇಕಾದಷ್ಟಿದೆ. ‘ಇದು ಹೆಂಗಸರ ಸಬ್ಜೆಕ್ಟು’ ಎಂದು ಹಿಂದಿನ ಬೆಂಚಿನಲ್ಲಿ ಮಾತಿಲ್ಲದೆ ಕೂರುವವರು ಅವರೇ.

ತಪ್ಪೆಲ್ಲ ಪಠ್ಯ ಬರೆದವರದಲ್ಲ. ಹೆಚ್ಚಿನ ಕಡೆ ಈ ಪತ್ರಿಕೆಗೆ ತರಬೇತಾದ ಅಧ್ಯಾಪಕರಿಲ್ಲ. ಸಮಾಜಶಾಸ್ತ್ರದವರೋ ಕನ್ನಡದವರೋ, ಎಷ್ಟೋ ಸಲ ಅತಿಥಿ ಉಪನ್ಯಾಸಕರೋ ತಮ್ಮ ಪಾಠದ ಜೊತೆಗೆ ಇದನ್ನೂ ಹೊರುತ್ತಾರೆ. ಕನ್ನಡದಲ್ಲಿ ಒಳ್ಳೆಯ ಪ್ರವೇಶಿಕೆಗಳು ಕಡಿಮೆ, ಗೈಡುಗಳು ಹೆಚ್ಚು. ಈ ಸ್ಥಿತಿಯಲ್ಲೂ ತರಗತಿಯನ್ನು ಜೀವಂತವಾಗಿಟ್ಟ ಮೇಷ್ಟ್ರು, ಮೇಡಂಗಳು ಇದ್ದಾರೆ.

ಹಾಗಾಗಿ ಇದಕ್ಕೆ ಹೊಸ ಘಟಕಗಳನ್ನು ಪೇರಿಸುವುದು ಪರಿಹಾರವಲ್ಲ, ಕ್ರಮವನ್ನು ತಿರುಗಿಸಬೇಕು. ಮೊದಲ ತಿಂಗಳು ಮನೆಯ ಪಡಿತರ ಚೀಟಿ, ಪಹಣಿ, ಸಂಘದ ಲೆಕ್ಕದ ಪುಸ್ತಕ, ಕಾರ್ಖಾನೆಯ ಸಂಬಳದ ಚೀಟಿ. ಎರಡನೇ ತಿಂಗಳು ಅವುಗಳ ಹಿಂದಿನ ಕಾಯ್ದೆ ಮತ್ತು ಚರಿತ್ರೆ. ಅನಂತರ ಅಂಬೇಡ್ಕರ್, ಬೊವಾರ್, ರೇಗೆ; ಲಕ್ಕಮ್ಮನ ವಚನ, ಬಾನು ಅವರ ಕತೆ. ಪರೀಕ್ಷೆಯ ಅರ್ಧದಷ್ಟು ಅಂಕ ಮನೆಯ ಹಿರಿಯ ಹೆಂಗಸಿನ ಒಂದು ದಿನದ ದುಡಿಮೆಯ ಲೆಕ್ಕಕ್ಕೆ, ತೆಲುಗಿನಲ್ಲೋ ತಮಿಳಿನಲ್ಲೋ ಕೇಳಿ ಕನ್ನಡದಲ್ಲಿ ಬರೆದದ್ದಕ್ಕೆ. ಆಗ ನಮ್ಮ ಸಾಹಿತ್ಯ ವಿಮರ್ಶೆ ಕಲಿಸಿದ ಸೂಕ್ಷ್ಮ ಓದು ಕಾಗದಪತ್ರಗಳ ಮೇಲೂ ಬೀಳುತ್ತದೆ; 1974ರ ವರದಿ ಕೇಳಿದ ಪ್ರಶ್ನೆ ಮತ್ತೆ ಸರ್ಕಾರದ ಕಡೆಗೆ ತಿರುಗುತ್ತದೆ. ಕನ್ನಡದ ಮಹಿಳಾ ಅಧ್ಯಯನ ಹೆಣ್ಣಿಗೆ ದನಿ ಕೊಟ್ಟಿತು ಎಂಬ ಮಾತು ಸುಳ್ಳಲ್ಲ. ಆ ದನಿ ಕೂಲಿ ಕೇಳಲು, ಪಾಲು ಕೇಳಲು, ಇಷ್ಟಪಟ್ಟವನನ್ನು ಮದುವೆಯಾಗುತ್ತೇನೆ ಎನ್ನಲು ಬಳಕೆಯಾದೀತೇ ಎಂಬುದರ ಮೇಲೆ ಇನ್ನು ಮುಂದೆ ಅದರ ಮೌಲ್ಯಮಾಪನ ನಡೆಯಬೇಕು.