ಗೋಡೆಗೆ ಕೊಟ್ಟ ಅಂಕ

ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಪತ್ರಿಕೆಗಳಲ್ಲಿ ‘ಬಾಲಕಿಯರೇ ಮೇಲುಗೈ’ ಎಂಬ ತಲೆಬರಹ ಕಾಯಂ. ಅದನ್ನು ಓದಿದ ಅಪ್ಪಂದಿರೇ ಮಗಳನ್ನು ಬಾಲಕಿಯರ ಶಾಲೆಗೇ ಸೇರಿಸಬೇಕೆಂದು ಹಟ ಹಿಡಿಯುತ್ತಾರೆ. ಹುಡುಗರಿದ್ದರೆ ಮನಸ್ಸು ಓದಿನ ಮೇಲೆ ನಿಲ್ಲುವುದಿಲ್ಲವಂತೆ! ಆದರೆ ಮೇಲುಗೈ ಸಾಧಿಸಿದ ಆ ಬಾಲಕಿಯರಲ್ಲಿ ಹೆಚ್ಚಿನವರು ಓದಿದ್ದು ಹುಡುಗರ ಜೊತೆಗೇ. ನಮ್ಮ ರಾಜ್ಯದ ಬಹುಪಾಲು ಶಾಲೆಗಳು ಸಹಶಿಕ್ಷಣದವು ಎಂಬುದು ವಾದದ ಭರದಲ್ಲಿ ಮರೆತುಹೋಗುತ್ತದೆ.

ಪ್ರತ್ಯೇಕ ಶಾಲೆಗೆ ಒಂದು ಕಾಲದಲ್ಲಿ ಬಲವಾದ ಕಾರಣವಿತ್ತು. 1848ರಲ್ಲಿ ಫುಲೆ ದಂಪತಿ ಪುಣೆಯಲ್ಲಿ, 1881ರಲ್ಲಿ ಅರಮನೆಯ ಆಶ್ರಯದಲ್ಲಿ ಮೈಸೂರಿನಲ್ಲಿ ಬಾಲಕಿಯರ ಶಾಲೆ ತೆರೆಯದಿದ್ದರೆ ಆ ಹುಡುಗಿಯರು ಹುಡುಗರ ಶಾಲೆಗೇನೂ ಹೋಗುತ್ತಿರಲಿಲ್ಲ, ಮನೆಯಲ್ಲೇ ಉಳಿಯುತ್ತಿದ್ದರು. ಆ ಋಣ ದೊಡ್ಡದು. ಹಾಗೆಂದು ಇಂದಿನ ಅಂಕಪಟ್ಟಿಯ ಶ್ರೇಯಸ್ಸನ್ನೂ ಕಾಂಪೌಂಡ್ ಗೋಡೆಗೆ ಕೊಡಬೇಕಿಲ್ಲ.

ಹೆಸರುವಾಸಿ ಬಾಲಕಿಯರ ಶಾಲೆಗಳು ಸೀಟು ಕೊಡುವಾಗಲೇ ಮಕ್ಕಳನ್ನು ಸೋಸುತ್ತವೆ. ಶುಲ್ಕ ಒಂದು ಜರಡಿ, ಪ್ರವೇಶ ಪರೀಕ್ಷೆ ಇನ್ನೊಂದು. 2014ರಲ್ಲಿ 21 ದೇಶಗಳ 184 ಅಧ್ಯಯನಗಳನ್ನು, ಅಂದರೆ ಸುಮಾರು 16 ಲಕ್ಷ ವಿದ್ಯಾರ್ಥಿಗಳ ಮಾಹಿತಿಯನ್ನು, ಒಟ್ಟಿಗೆ ಪರಿಶೀಲಿಸಿದ ಸಂಶೋಧಕಿಯರು ಕಂಡದ್ದೂ ಇದನ್ನೇ: ಇಂಥ ಸೋಸುವಿಕೆಯನ್ನು ಲೆಕ್ಕಕ್ಕೆ ಹಿಡಿದ ಅಧ್ಯಯನಗಳಲ್ಲಿ ಎರಡೂ ಬಗೆಯ ಶಾಲೆಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ದಕ್ಷಿಣ ಕೊರಿಯಾದ ಸೋಲ್ ನಗರದ ಉದಾಹರಣೆ ಮಾತ್ರ ತಳ್ಳಿಹಾಕುವಂಥದ್ದಲ್ಲ. ಲಾಟರಿಯಲ್ಲಿ ಪ್ರತ್ಯೇಕ ಪ್ರೌಢಶಾಲೆ ಸಿಕ್ಕ ಮಕ್ಕಳು ಅಲ್ಲಿ ಮುಂದಿನ ಓದಿನಲ್ಲಿ ತುಸು ಮುಂದಿದ್ದರು. ಆದರೆ ನಮ್ಮಲ್ಲಿ ಲಾಟರಿ ಎಲ್ಲಿದೆ? ಇಲ್ಲಿರುವುದು ಜರಡಿಯೇ.

ಹಾಗಾದರೆ ಸಹಶಿಕ್ಷಣದ ಪರ ಜೈಕಾರ ಹಾಕೋಣವೇ? ಅದೂ ಆಗದು. ಯಾವುದೇ ಸರ್ಕಾರಿ ಪ್ರೌಢಶಾಲೆಯ ತರಗತಿಗೆ ಹೋಗಿ ನೋಡಿ. ಕರಿಹಲಗೆಯ ಮೂಲೆಯಲ್ಲಿ ಗಂಡು, ಹೆಣ್ಣು, ಒಟ್ಟು ಎಂಬ ಮೂರು ಕಲಮುಗಳು. ಆ ‘ಒಟ್ಟು’ ಎಂಬುದು ಹಲಗೆಯ ಮೇಲೆ ಮಾತ್ರ. ಕೆಳಗೆ ಒಂದು ಸಾಲು ಅವರದು, ಒಂದು ಸಾಲು ಇವರದು. ಗಲಾಟೆ ಮಾಡಿದ ಹುಡುಗನಿಗೆ ಶಿಕ್ಷೆ, ಹುಡುಗಿಯರ ಪಕ್ಕ ಕೂರುವುದು. ಕಸ ಗುಡಿಸಲು, ರಂಗೋಲಿ ಹಾಕಲು ಹುಡುಗಿಯರು. ಬೆಂಚು ಎತ್ತಲು ಹುಡುಗರು. ಆಟದ ಪಿರಿಯಡ್ಡಿನಲ್ಲಿ ಮೈದಾನ ಹುಡುಗರಿಗೆ, ಅಂಚಿನ ಜಾಗದ ಥ್ರೋಬಾಲ್ ಹುಡುಗಿಯರಿಗೆ. ಒಂದೇ ಸೂರಿನಡಿ ಎರಡು ಶಾಲೆ ನಡೆಸಿ ಅದನ್ನು ಸಹಶಿಕ್ಷಣ ಎನ್ನುತ್ತೇವೆ. ಅದು ಸೋತಾಗ ದೂರುವುದು ಹುಡುಗ-ಹುಡುಗಿ ಬೆರೆತದ್ದನ್ನು. ಅವರು ಬೆರೆತದ್ದಾದರೂ ಯಾವಾಗ?

ಕೇರಳದ ಮಕ್ಕಳ ಹಕ್ಕುಗಳ ಆಯೋಗ 2022ರಲ್ಲಿ ಪ್ರತ್ಯೇಕ ಶಾಲೆಗಳನ್ನೆಲ್ಲ ಸಹಶಿಕ್ಷಣಕ್ಕೆ ತರಬೇಕೆಂದು ಆದೇಶಿಸಿತು. ಆಶಯ ಸರಿ. ಆದರೆ ಶಾಲೆಯ ಬೋರ್ಡು ಬದಲಿಸಿ, ಶಿಕ್ಷಕರ ರೂಢಿಯನ್ನು ಹಾಗೇ ಬಿಟ್ಟರೆ ಈ ಎರಡು ಸಾಲು ಅಲ್ಲೂ ಹುಟ್ಟಿಕೊಳ್ಳುತ್ತದೆ.

ಈ ಜೂನ್‌ನಲ್ಲಿ ಮಗಳಿಗೆ ಶಾಲೆ ಹುಡುಕುವವರು ಅಲ್ಲಿ ಹುಡುಗರಿದ್ದಾರೆಯೇ ಎಂದು ಕೇಳುವ ಮೊದಲು ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕವಿದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ ನೋಡಿ. ಗಣಿತ, ವಿಜ್ಞಾನಕ್ಕೆ ಕಾಯಂ ಶಿಕ್ಷಕರಿದ್ದಾರೆಯೇ, ಸಂಜೆ ಐದರ ನಂತರ ಊರಿಗೆ ಬಸ್ಸಿದೆಯೇ ವಿಚಾರಿಸಿ. ಹುಡುಗಿಯರ ಓದಿಗೆ ಅಡ್ಡ ಬರುವುದು ಇಂಥ ಕೊರತೆಗಳು, ಪಕ್ಕದ ಬೆಂಚಿನ ಹುಡುಗನಲ್ಲ.