ನೀಲಿಗೆ ತಿರುಗಿದ ಲಕ್ಷ್ಮಿ

ರಾಜಾ ರವಿವರ್ಮನ ಬಗ್ಗೆ ನಮ್ಮಲ್ಲಿ ನಡೆದ ಚರ್ಚೆಯೆಲ್ಲ ಹೆಚ್ಚಾಗಿ ಮೂಲಚಿತ್ರಗಳನ್ನು ಕುರಿತದ್ದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಜನಕ್ಕೆ ಸಿಕ್ಕಿದ್ದು ಮಾತ್ರ ಅಚ್ಚಿನ ಪ್ರತಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವನ ತೈಲಚಿತ್ರ ನೋಡಿ ಬಂದವರು ಕೆಲವರು. ಜಗಲಿಯ ಮೇಲೆ, ಅಂಗಡಿಯ ಗಲ್ಲೆಯ ಹಿಂದೆ ಅವನ ಲಕ್ಷ್ಮಿಯನ್ನು ಕಂಡವರು ಎಲ್ಲರೂ. ಹಾಗಿದ್ದ ಮೇಲೆ ವಿಮರ್ಶೆ ಅಚ್ಚನ್ನೂ ಓದಬೇಕು.

1894ರಲ್ಲಿ ರವಿವರ್ಮ ಮುಂಬಯಿಯಲ್ಲಿ ತೆರೆದದ್ದು ಕಲ್ಲಚ್ಚಿನ ಮುದ್ರಣಾಲಯ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಬೇರೆಬೇರೆ ಮಸಿ. ಹಾಳೆ ಕೂದಲೆಳೆಯಷ್ಟು ಸರಿದರೂ ತುಟಿಯ ಕೆಂಪು ಗಲ್ಲಕ್ಕೆ ಇಳಿಯುತ್ತಿತ್ತು. ಆಮೇಲಿನ ನಾಲ್ಕು ಬಣ್ಣದ ಆಫ್‌ಸೆಟ್‌ನಲ್ಲಿ ಕೆಂಪು ಮಸಿಯೇ ಇಲ್ಲ. ಮೆಜೆಂಟಾ ಮತ್ತು ಹಳದಿ ಚುಕ್ಕೆಗಳು ಸೇರಿ ಕಣ್ಣಿಗೆ ಕೆಂಪಾಗುತ್ತವೆ. ಬಿಸಿಲಿಗೆ ಮೊದಲು ಸೋಲುವುದು ಈ ಎರಡೇ. ಹಳೆಯ ಅಂಗಡಿಗಳ ಲಕ್ಷ್ಮಿ ನೀಲಿಗೆ ತಿರುಗಿರುವುದು ಇದರಿಂದ.

ಈಗಿನ ಡಿಜಿಟಲ್ ಪ್ರತಿಯ ದೋಷ ಬೇರೆ. ಇಂಚಿಗೆ 300 ಚುಕ್ಕೆಯಂತೆ 12×18 ಇಂಚಿನ ಪ್ರತಿಗೆ 3600×5400 ಪಿಕ್ಸೆಲ್ ಬೇಕು. ಮೊಬೈಲಿಗೆ ಬಂದ ಪುಟ್ಟ ಚಿತ್ರವನ್ನೇ ಹಿಗ್ಗಿಸಿ, ಕೊರತೆಯನ್ನು ಹೊಳಪಿನಿಂದ ಮುಚ್ಚಿದರೆ ಆನೆಯ ಮೈಯ ನೆರಳು, ಕೊಳದ ಆಳ ಮಾಯವಾಗುತ್ತವೆ. ಬಣ್ಣ ಏರಿದಷ್ಟೂ ಚಿತ್ರ ಬಡವಾಗುತ್ತದೆ.

ಬ್ಯಾಡಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಮೆಣಸಿನಕಾಯಿಯ ದರಕ್ಕೆ ಬಣ್ಣವೇ ಆಧಾರ. ಆ ಕೆಂಪು ಇಳಿಯದಿರಲೆಂದು ಚೀಲಗಳನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತಾರೆ. ಚಿತ್ರಕ್ಕೆ ಮಾತ್ರ ಆ ಎಚ್ಚರ ಸಿಗುವುದಿಲ್ಲ. ಬೆನ್ನಿಗೆ ಅಂಟು ಬಳಿದು ಹಾರ್ಡ್‌ಬೋರ್ಡಿಗೆ ಮೆತ್ತಿ, ಮುಖವನ್ನು ಗಾಜಿಗೆ ಒತ್ತಿ, ಬಾಗಿಲೆದುರಿನ ಬಿಸಿಲಿಗೆ ತೂಗುಹಾಕುತ್ತೇವೆ. ಬೇಕಾದದ್ದು ಇಷ್ಟೇ: ಗಾಜಿಗೂ ಹಾಳೆಗೂ ನಡುವೆ ಅಂತರ ಕೊಡುವ ರಟ್ಟಿನ ಅಂಚು, ಬೆನ್ನಿಗೆ ಆಮ್ಲರಹಿತ ರಟ್ಟು, ಬಿಸಿಲೂ ತೇವವೂ ಇಲ್ಲದ ಗೋಡೆ, ದೀಪದ ಹೊಗೆಯಿಂದ ಒಂದಿಷ್ಟು ದೂರ. ಒರೆಸುವಾಗ ಗಾಜಿಗೆ ನೀರು ಚಿಮುಕಿಸಬಾರದು. ಅದು ಚೌಕಟ್ಟಿನೊಳಗೆ ಇಳಿಯುತ್ತದೆ. ಒದ್ದೆ ಮಾಡಿ ಹಿಂಡಿದ ಬಟ್ಟೆ ಸಾಕು.

ಭಕ್ತಿಗೆ ಬಣ್ಣ ಬೇಕೇ ಎಂದು ಯಾರಾದರೂ ಕೇಳಬಹುದು. ಬೇಡ, ಮಾಸಿದ ಲಕ್ಷ್ಮಿಗೂ ಕುಂಕುಮ ಏರುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಕಲೆ ಎಂಬುದು ಕಾಲಿಟ್ಟದ್ದು ಆ ಒಂದು ಹಾಳೆಯ ರೂಪದಲ್ಲಿ. ಅದರ ಕೆಂಪು ಹೋದರೆ ಆ ಮನೆಯವರ ಕಣ್ಣಿನ ಚರಿತ್ರೆಯೂ ಅಷ್ಟು ಮಾಸುತ್ತದೆ. ಹಳತಾಯಿತೆಂದು ಅರಳಿಕಟ್ಟೆಗೆ ಬಿಟ್ಟುಬರುವ ಪಟಗಳಲ್ಲಿ ಕಲ್ಲಚ್ಚಿನವೂ ಇರಬಹುದು. ಬಿಡುವ ಮುನ್ನ ಭೂತಗನ್ನಡಿ ಹಿಡಿದು ನೋಡಿ: ಚುಕ್ಕೆಗಳು ಸಾಲುಗಟ್ಟಿ ಹೂವಿನಂತೆ ಕೂತಿದ್ದರೆ ಆಫ್‌ಸೆಟ್, ಕೈಯಿಂದ ಇಟ್ಟಂತೆ ಅಡ್ಡಾದಿಡ್ಡಿ ಇದ್ದರೆ ಅದು ಕಲ್ಲಿನ ಕೆಲಸ. ಅಂಥದ್ದನ್ನು ಮನೆಗೆ ವಾಪಸು ತನ್ನಿ.