ಹಲ್ಲಿನಿಂದ ದಂತಕ್ಕೆ ಎಷ್ಟು ದೂರ?

ಪುಣೆ ಬಳಿಯ ನಿಗಡಿಯ ದವಾಖಾನೆಗಳ ಫಲಕ ಓದಲು ಕನ್ನಡಿಗರಿಗೆ ಮರಾಠಿ ಬರಬೇಕೆಂದಿಲ್ಲ, ನಾಗರಿ ಅಕ್ಷರ ಗೊತ್ತಿದ್ದರೆ ಸಾಕು. ಅಸ್ಥಿರೋಗ, ಸ್ತ್ರೀರೋಗ, ನೇತ್ರ, ದಂತ: ಎಲ್ಲ ನಮ್ಮ ಪಠ್ಯಪುಸ್ತಕದವೇ. ಸಂಸ್ಕೃತದ ಈ ಉಪಕಾರ ಸಣ್ಣದಲ್ಲ. ಆದರೆ ಅದೇ ಪದ ಎರಡು ನುಡಿಗಳಲ್ಲಿ ಒಂದೇ ಕೆಲಸ ಮಾಡುವುದಿಲ್ಲ.

ಮರಾಠಿ ಮಗುವಿಗೆ ಹಲ್ಲು ಎಂದರೆ ‘ದಾತ’. ಅಲ್ಲಿಂದ ‘ದಂತ’ಕ್ಕೆ ಒಂದು ಸೊನ್ನೆಯಷ್ಟೇ ದೂರ. ಕಿವಿ ‘ಕಾನ’, ಅದು ‘ಕರ್ಣ’ದ ಕೂಸು. ಸ್ಪ್ಯಾನಿಷ್ ನಿಂತಿರುವುದೂ ಇದೇ ನೆಲೆಯಲ್ಲಿ. ಅವರ ಹಲ್ಲು ‘ದಿಯೆಂತೆ’, ವೈದ್ಯರ ಮಾತು ‘ದೆಂತಾಲ್’. ಎರಡರ ಬೇರೂ ಲ್ಯಾಟಿನ್. ಹಲ್ಲಿನ ವೈದ್ಯ ‘ಒದೊಂತೊಲೊಗೊ’ ಆದಾಗ ಮಾತ್ರ ಗ್ರೀಕ್ ಬಂದು ಜನರಿಗೆ ದೂರವಾಗುತ್ತದೆ. ಯಕೃತ್ತಿನ ಕಥೆ ಇನ್ನೂ ಸೊಗಸು. ಅಂಜೂರ ತಿನ್ನಿಸಿ ಕೊಬ್ಬಿಸಿದ ಪ್ರಾಣಿಯ ಯಕೃತ್ತನ್ನು ರೋಮನ್ನರು ‘ಫಿಕಾತುಮ್’ ಎನ್ನುತ್ತಿದ್ದರು. ಅಂಜೂರ ಅವರಿಗೆ ‘ಫಿಕುಸ್’. ಆ ಅಡುಗೆಮನೆಯ ಮಾತೇ ಸವೆದು ಸ್ಪ್ಯಾನಿಷಿನಲ್ಲಿ ‘ಈಗಾದೊ’ ಎಂಬ ಅಂಗದ ಹೆಸರಾಯಿತು.

ಕನ್ನಡದ ಹಲ್ಲಿಗೂ ದಂತಕ್ಕೂ ಇಂಥ ನಂಟಿಲ್ಲ. ನಮ್ಮ ಪಾರಿಭಾಷಿಕ ಪದಗಳನ್ನು ಕಟ್ಟಿದವರು ಇದನ್ನು ಮರೆತರೆಂಬುದೇ ನನ್ನ ಮುಖ್ಯ ಆಕ್ಷೇಪ. ಮೂತ್ರಜನಕಾಂಗ, ಪಿತ್ತಜನಕಾಂಗ ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಕೇಳಿದವರಿಗೆ ಉಳಿಯುವುದು ‘ಜನಕಾಂಗ’ ಮಾತ್ರ. ಮೊದಲನೆಯದಕ್ಕೆ ಮೂತ್ರಪಿಂಡ ಎಂಬ ಇನ್ನೊಂದು ಹೆಸರೂ ಉಂಟು. ಪಕ್ಕದಲ್ಲೇ ಮೂತ್ರಕೋಶ ಬೇರೆ. ಆತಂಕದಲ್ಲಿರುವ ರೋಗಿ ಯಾವುದನ್ನು ಹಿಡಿದಾನು?

ಹಾಗೆಂದು ಸಂಸ್ಕೃತವನ್ನು ಕಿತ್ತೊಗೆಯುವುದೂ ಸಲ್ಲ. 14ನೆಯ ಶತಮಾನದ ಮಂಗರಾಜ ವಿಷವೈದ್ಯವನ್ನು ಕನ್ನಡ ಪದ್ಯದಲ್ಲಿ ಬರೆದಾಗ ಗ್ರಂಥಕ್ಕಿಟ್ಟ ಹೆಸರು ‘ಖಗೇಂದ್ರಮಣಿದರ್ಪಣ’. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರ ‘ಇಂಗ್ಲಿಶ್ ಪದಗಳಿಗೆ ಕನ್ನಡದ್ದೇ ಪದಗಳು’ ತೋರಿದ ದಿಕ್ಕು ನನಗೆ ಪ್ರಿಯ. ಆದರೂ ‘ರಕ್ತ’ವನ್ನು ಇನ್ನು ಪರಕೀಯ ಎನ್ನಲಾರೆ. ‘ರಕ್ತದೊತ್ತಡ’ವನ್ನೇ ನೋಡಿ: ಬಂದ ಪದಕ್ಕೆ ಮನೆಯ ಪದ ಹೆಗಲು ಕೊಟ್ಟಿದೆ. ಮರಾಠಿಯ ‘ರಕ್ತದಾಬ’ದ ಕಟ್ಟೂ ಅದೇ. ‘ಸಕ್ಕರೆ ಕಾಯಿಲೆ’ಯಂತೂ ‘ಮಧುಮೇಹ’ಕ್ಕಿಂತ ಮೊದಲೇ ಬಾಯಿಗೆ ಬರುತ್ತದೆ.

ಇಷ್ಟಕ್ಕೂ ಸಂಸ್ಕೃತ ಫಲಕದಲ್ಲೇ ನಿಲ್ಲುತ್ತದೆ, ಒಳಗೆ ಬರುವುದು ನೋವು. ವಿಜಯಪುರ, ಕಲಬುರಗಿ ಕಡೆಯಿಂದ ದುಡಿಯಲು ಬಂದವರು ವೈದ್ಯರೆದುರು ಹೇಳುವುದು ಚಳುಕು, ಸೆಳೆತ, ಉರಿ, ಜುಮುಜುಮು. ಇವಕ್ಕೆ ನಮ್ಮ ವೈದ್ಯ ಪದಕೋಶಗಳು ಕೊಟ್ಟ ಜಾಗ ತೀರ ಕಡಿಮೆ. ಹೊಟ್ಟೆಯ ಕಳಮಳವನ್ನು ಮರಾಠಿಗರು ‘ಮಳಮಳ’ ಎನ್ನುತ್ತಾರೆ, ಚಳುಕನ್ನು ‘ಚಮಕ’. ನಿಗಡಿಗೆ ಬೇಕಾದ ಕನ್ನಡ–ಮರಾಠಿ ವೈದ್ಯ ಕೋಶದ ಮೊದಲ ಪುಟದಲ್ಲಿ ಈ ಜೋಡಿಗಳಿರಲಿ. ಅಸ್ಥಿ, ದಂತ, ನೇತ್ರಗಳು ಆಮೇಲೆ ಬರಲಿ.